ನೇಮ್‌ಪ್ಲೇಟ್‌ನಿಂದ ಶುರು ಮಾಡಿ

ಪ್ರಶ್ನೆ: ಸರ್, ಕೊಡಗಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಅರೆಕಾಲಿಕ ಉಪನ್ಯಾಸಕಿ ನಾನು. ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ಪುಸ್ತಕ ಕೊಳ್ಳುವವರು ಕಡಿಮೆ. "ಎಲ್ಲಾ ಇಂಟರ್ನೆಟ್‌ನಲ್ಲಿ ಫ್ರೀ ಇದೆಯಲ್ಲ, ಅದನ್ನೇ ತೋರಿಸಿ" ಅನ್ನುತ್ತಾರೆ. ಇಂಡಕ್ಷನ್ ಮೋಟಾರ್ ಪಾಠಕ್ಕೆ ಐಐಟಿಗಳ ಉಚಿತ ಆನ್‌ಲೈನ್ ಪಾಠಮಾಲೆ ಎನ್‌ಪಿಟಿಇಎಲ್‌ನ ವಿಡಿಯೊ ಹಾಕಿದೆ. ಹತ್ತು ನಿಮಿಷಕ್ಕೆ ಅರ್ಧ ತರಗತಿ ಕಿಟಕಿ ಆಚೆ ನೋಡುತ್ತಿತ್ತು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. "ವಿಡಿಯೊ ತೋರಿಸೋದು ಪಾಠ ಅಲ್ಲ ಮೇಡಂ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಬೇರೆ ಹೇಳುತ್ತಾರೆ. ಈ ಮುಕ್ತ ಪಾಠಗಳನ್ನು ಕನ್ನಡಕ್ಕೆ ಮಾಡಿಕೊಳ್ಳಬಹುದಾ? ಕಾನೂನಿನ ತೊಂದರೆ ಇದೆಯಾ? ಹೇಗೆ ಬಳಸಿದರೆ ನಿಜಕ್ಕೂ ಉಪಯೋಗ?

ಉತ್ತರ: ಮೇಡಂ, ನಿಮ್ಮ ಸಹೋದ್ಯೋಗಿ ಹೇಳಿದ್ದು ಅರ್ಧ ಸರಿ. ವಿಡಿಯೊ ಹಾಕಿ ಮೂಲೆಯಲ್ಲಿ ಕೂತರೆ ಅದು ಪಾಠ ಅಲ್ಲ. ಆದರೆ ಅವರು ಬೋರ್ಡ್ ಮೇಲೆ ಬರೆದು ಬರೆಸುವ ನೋಟ್ಸ್ ಕೂಡ ಸುಮ್ನೆ ಪಾಠ ಆಗಿಬಿಡುವುದಿಲ್ಲ, ಅಲ್ವಾ?

ನಾನೂ ಈ ತಪ್ಪು ಮಾಡಿದವನೇ. ಎಷ್ಟೋ ವರ್ಷದ ಹಿಂದೆ ಒಂದು ದೊಡ್ಡ ಹಾರ್ಡ್ ಡಿಸ್ಕ್ ತುಂಬಾ ವಿಡಿಯೊ ತುಂಬಿಸಿ ತಂದೆ. ಮೆಷಿನ್ಸ್, ಪವರ್ ಸಿಸ್ಟಮ್ಸ್, ಗಣಿತ, ಏನಿಲ್ಲ ಅದರಲ್ಲಿ! ಇಡೀ ವಿಭಾಗಕ್ಕೆ ತೋರಿಸಿ ಹೆಮ್ಮೆ ಪಟ್ಟೆ. ಆಮೇಲೆ ಅದು ಬೀರು ಸೇರಿತು. ಜೂನ್, ಜುಲೈ, ಆಗಸ್ಟ್ ಕಳೆಯಿತು. ನಮ್ಮ ಕಡೆ ಮಳೆಗಾಲದ ಬೀರು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಹಾರ್ಡ್ ಡಿಸ್ಕಿನ ಕವರಿಗೂ ಬೂಷ್ಟು. ಸೆಪ್ಟೆಂಬರ್‌ನಲ್ಲಿ ತೆಗೆದು ಜೋಡಿಸಿದರೆ ಟಕ್ ಟಕ್ ಅಂತ ಸದ್ದು, ಅಷ್ಟೆ. ಬೇಜಾರಾಗಿದ್ದು ಅದು ಕೆಟ್ಟಿದ್ದಕ್ಕಲ್ಲ. ಮೂರು ತಿಂಗಳು ಅದು ಇಲ್ಲ ಅನ್ನುವುದೇ ಯಾರಿಗೂ ಗೊತ್ತಾಗಿರಲಿಲ್ಲ. ನನಗೂ ಕೂಡ.

ಸರಕು ಕಡಿಮೆ ಇದ್ದದ್ದು ತೊಂದರೆ ಆಗಿರಲಿಲ್ಲ. ಬೇರೆಯವರಿಗಾಗಿ ಮಾಡಿದ್ದನ್ನು ಹಾಗೇ ತಂದು ಸುರಿದದ್ದು ತೊಂದರೆ. ಈ ಪಾಠಗಳನ್ನು ನಮ್ಮ ತರಗತಿಗೆ ತಕ್ಕಂತೆ ಕತ್ತರಿಸುವ, ತಿದ್ದುವ ಹಕ್ಕು ನಮಗಿದೆ. ಮುಕ್ತ ಎನ್ನುವ ಮಾತಿನ ಬೆಲೆ ಇರುವುದೇ ಅಲ್ಲಿ. ಬಿಟ್ಟಿ ಸಿಗುವುದು ಅದರ ಸಣ್ಣ ಲಾಭ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಅಮೆರಿಕದ ಎಂಐಟಿ ತನ್ನ ಕೋರ್ಸ್‌ಗಳ ಸಾಮಗ್ರಿಯನ್ನು ಎಲ್ಲರಿಗೂ ತೆರೆದಿಡುತ್ತೇನೆ ಎಂದು ಹೇಳಿದ್ದು 2001ರಲ್ಲಿ. ಅದೇ ಓಪನ್‌ಕೋರ್ಸ್‌ವೇರ್. ಮರುವರ್ಷ ಯುನೆಸ್ಕೊ ಸಭೆಯೊಂದರಲ್ಲಿ ಇಂಥವಕ್ಕೆ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು ಬಂತು. ಅದೇ 2002ರ ಕೊನೆಗೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗಳೂ ಬಂದವು, ಅಂದರೆ ತನ್ನ ಕೃತಿಯನ್ನು ಬೇರೆಯವರು ಹೇಗೆಲ್ಲ ಬಳಸಬಹುದು ಎಂದು ಬರೆದವರೇ ಮೊದಲೇ ಕೊಡುವ ಅನುಮತಿ. ನಮ್ಮಲ್ಲಿ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಶುರು ಮಾಡಿದವು. ಮುಂಬೈ ಐಐಟಿಯಿಂದ ಸಾಫ್ಟ್‌ವೇರ್ ಕಲಿಸುವ ಸ್ಪೋಕನ್ ಟ್ಯುಟೋರಿಯಲ್ ಬಂತು. ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿಸುವ ವರ್ಚುವಲ್ ಲ್ಯಾಬ್ಸ್ ಬಂತು. ಅದರಲ್ಲಿ ನಮ್ಮ ಪಕ್ಕದ ಸುರತ್ಕಲ್‌ನ ಎನ್‌ಐಟಿಕೆಯೂ ಸೇರಿದೆ. ಶಾಲೆ ಮಟ್ಟಕ್ಕೆ ಕರ್ನಾಟಕದ್ದೇ ಆದ ಮುಕ್ತ ಸಂಪನ್ಮೂಲ ಯೋಜನೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ ಕಡೆಯಿಂದ ಇದೆ, ಕನ್ನಡದಲ್ಲೇ. ಡಿಪ್ಲೊಮಾ ಮೊದಲ ವರ್ಷದ ಗಣಿತ, ವಿಜ್ಞಾನ ಅಲುಗಾಡುವ ಮಕ್ಕಳಿಗೆ ಅದನ್ನು ಕೊಡಿ, ನಾಚಿಕೆ ಬೇಡ.

ಪೂರ್ತಿ ಮುಕ್ತವಾದ ಲೈಸೆನ್ಸ್ ಐದು ಕೆಲಸಕ್ಕೆ ಅನುಮತಿ ಕೊಡುತ್ತದೆ: ನಮ್ಮ ಹತ್ತಿರ ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೇರೆಯದರ ಜೊತೆ ಬೆರೆಸುವುದು, ಹಂಚುವುದು. ನಾವು ಸಾಮಾನ್ಯವಾಗಿ ಎರಡನೆಯದಕ್ಕೇ ನಿಂತುಬಿಡುತ್ತೇವೆ. ನೋಡುತ್ತೇವೆ, ತೋರಿಸುತ್ತೇವೆ, ಮುಗಿಯಿತು.

ಈಗ ನಿಮ್ಮ ಇಂಡಕ್ಷನ್ ಮೋಟಾರನ್ನೇ ತೆಗೆದುಕೊಳ್ಳೋಣ. ಎನ್‌ಪಿಟಿಇಎಲ್ ಪಾಠ ಬಿ.ಟೆಕ್. ಮಕ್ಕಳಿಗೆ ಮಾಡಿದ್ದು. ಪ್ರೊಫೆಸರು ಮೊದಲ ಇಪ್ಪತ್ತು ನಿಮಿಷ ತಿರುಗುವ ಕಾಂತಕ್ಷೇತ್ರದ ಗಣಿತ ಬಿಡಿಸುತ್ತಾರೆ. ಅದು ತಪ್ಪಲ್ಲ, ಅವರ ಮಕ್ಕಳಿಗೆ ಅದು ಬೇಕು. ನಿಮ್ಮ ಹುಡುಗ ನಾಪೋಕ್ಲಿನಿಂದಲೋ ಸಿದ್ದಾಪುರದಿಂದಲೋ ಬೆಳಿಗ್ಗೆ ಬಸ್ ಹಿಡಿದು ಬಂದವನು. ಎಸ್ಸೆಸ್ಸೆಲ್ಸಿಯಲ್ಲಿ ವಿಭವಾಂತರ, ರೋಧ, ವಿದ್ಯುತ್ಕಾಂತೀಯ ಪ್ರೇರಣೆ ಎಂದು ಓದಿದ್ದಾನೆ. ಇಲ್ಲಿ ವೋಲ್ಟೇಜ್, ರೆಸಿಸ್ಟೆನ್ಸ್, ಇಂಡಕ್ಷನ್ ಅನ್ನುತ್ತಾರೆ. ಎರಡೂ ಒಂದೇ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಎಷ್ಟೋ ಮಕ್ಕಳು ಪ್ರೇರಣೆ ಬೇರೆ, ಇಂಡಕ್ಷನ್ ಬೇರೆ ಅಂದುಕೊಂಡೇ ಮೂರು ಸೆಮಿಸ್ಟರ್ ಕಳೆದಿರುವುದನ್ನು ನಾನು ನೋಡಿದ್ದೇನೆ.

ಹಾಗಾಗಿ ವಿಡಿಯೊದಿಂದ ಶುರು ಮಾಡಬೇಡಿ. ಮೋಟಾರಿನ ಮೇಲೆ ಅದರ ವಿವರ ಬರೆದಿರುವ ತಗಡು, ಅಂದರೆ ನೇಮ್‌ಪ್ಲೇಟ್‌ನಿಂದ ಶುರು ಮಾಡಿ.

ಮಕ್ಕಳಿಗೆ ಹೇಳಿ: ಮನೆಯಲ್ಲೋ ಪಕ್ಕದ ತೋಟದಲ್ಲೋ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಮೋಟಾರ್ ಇದ್ದರೆ, ಇಲ್ಲವಾದರೆ ನೀರಿನ ಪಂಪು, ಅಕ್ಕಿ ಗಿರಣಿ, ಯಾವುದಾದರೂ ಸರಿ, ಅದರ ನೇಮ್‌ಪ್ಲೇಟಿನ ಫೋಟೊ ತೆಗೆದುಕೊಂಡು ಬನ್ನಿ. ಮೋಟಾರ್ ಆಫ್ ಇರಬೇಕು, ಯಾರನ್ನಾದರೂ ಕೇಳಿಯೇ ಹತ್ತಿರ ಹೋಗಬೇಕು. ಇದನ್ನು ಎರಡು ಸಲ ಹೇಳಿ. ತ್ರೀ ಫೇಸ್ ಮೋಟಾರಾದರೆ ಫೋಟೊದಲ್ಲಿ ಎಚ್‌ಪಿ (ಅಶ್ವಶಕ್ತಿ) ಇರುತ್ತದೆ, ವೋಲ್ಟ್ 415, ಹರ್ಟ್ಸ್ 50 ಇರುತ್ತದೆ, ಆಂಪಿಯರ್ ಇರುತ್ತದೆ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಸಾಮಾನ್ಯವಾಗಿ 1440ರ ಆಸುಪಾಸು ಇರುತ್ತದೆ. ಈ 1440 ಯಾಕೆ? 1500 ಯಾಕಲ್ಲ? ಇಡೀ ಪಾಠ ಈ ಒಂದು ಪ್ರಶ್ನೆಯಲ್ಲಿದೆ.

ನಾಲ್ಕು ಪೋಲ್, ಅಂದರೆ ನಾಲ್ಕು ಕಾಂತಧ್ರುವ, 50 ಹರ್ಟ್ಸ್. 50 ಹರ್ಟ್ಸ್ ಅಂದರೆ ನಿಮಿಷಕ್ಕೆ 3000 ಆವರ್ತ, ಧ್ರುವಗಳು ಎರಡು ಜೋಡಿ, ಹಾಗಾದರೆ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಒಳಗೆ ತಿರುಗುವ ಭಾಗ, ಅಂದರೆ ರೋಟರ್, 1440 ಸುತ್ತು. ಹಿಂದೆ ಬಿದ್ದದ್ದು 60 ಸುತ್ತು. 1500ಕ್ಕೆ 60 ಅಂದರೆ ಶೇ 4. ಅದೇ ಸ್ಲಿಪ್. ರೋಟರ್ ಹಿಂದೆ ಬೀಳದಿದ್ದರೆ ಅದರ ಬಾರ್‌ಗಳನ್ನು ಕಾಂತಕ್ಷೇತ್ರ ಕತ್ತರಿಸುವುದೇ ಇಲ್ಲ. ಕತ್ತರಿಸದಿದ್ದರೆ ಪ್ರೇರಣೆ ಇಲ್ಲ, ಕರೆಂಟ್ ಇಲ್ಲ, ತಿರುಗಿಸುವ ಬಲವೂ ಇಲ್ಲ. ಇಷ್ಟು ಹೇಳಿದ ಮೇಲೆ ವಿಡಿಯೊ ಹಾಕಿ. ಇಡೀ ಗಂಟೆ ಅಲ್ಲ. ತಿರುಗುವ ಕ್ಷೇತ್ರ ಹೇಗೆ ಹುಟ್ಟುತ್ತದೆ ಎಂದು ತೋರಿಸುವ ಏಳೆಂಟು ನಿಮಿಷ. ಅಲ್ಲಲ್ಲಿ ನಿಲ್ಲಿಸಿ. ನಿಲ್ಲಿಸಿದಾಗ ಒಬ್ಬ ಹುಡುಗಿ ಎದ್ದು ಮುಂದೇನಾಗುತ್ತದೆ ಎಂದು ಊಹಿಸಿ ಹೇಳಲಿ. ತಪ್ಪು ಹೇಳಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಕೊಯ್ಲಿನ ಕಾಲದಲ್ಲಿ ಸಂಜೆ ಆದರೆ ಪಲ್ಪರ್ ಓಡಿಸಬೇಕು, ಹಣ್ಣನ್ನು ರಾತ್ರಿ ಇಡುವ ಹಾಗಿಲ್ಲ. ಅದೇ ಹೊತ್ತಿಗೆ ಅಕ್ಕಪಕ್ಕದ ಎಲ್ಲ ತೋಟದಲ್ಲೂ ಪಲ್ಪರ್ ಓಡುತ್ತಿರುತ್ತದೆ. ಲೈನಿನ ಕೊನೆಯ ಮನೆಗೆ ವೋಲ್ಟೇಜ್ ಬೀಳುತ್ತದೆ. "ವೋಲ್ಟೇಜ್ ಇಲ್ಲ, ಪಲ್ಪರ್ ಹಾಕ್ಬೇಡ" ಎಂದು ಮಗುವೂ ಕೂಗುತ್ತದೆ. ಯಾಕೆ ಹಾಕಬಾರದು? 5 ಎಚ್‌ಪಿ ಮೋಟಾರು, ಅಂದರೆ 3730 ವ್ಯಾಟ್. 415 ವೋಲ್ಟ್, ಪವರ್ ಫ್ಯಾಕ್ಟರ್ 0.8, ದಕ್ಷತೆ 0.85 ಎಂದು ಇಟ್ಟುಕೊಂಡರೆ ಅದು ಎಳೆಯುವುದು ಸುಮಾರು 7.6 ಆಂಪಿಯರ್. ವೋಲ್ಟೇಜ್ 340ಕ್ಕೆ ಇಳಿದು, ಪಲ್ಪರಿನ ಹೊರೆ ಅಷ್ಟೇ ಇದ್ದರೆ ಕರೆಂಟು ಸುಮಾರು 9.3ಕ್ಕೆ ಏರುತ್ತದೆ. ವೈಂಡಿಂಗ್, ಅಂದರೆ ಒಳಗಿನ ತಂತಿಯ ಸುರುಳಿ, ಬಿಸಿಯಾಗುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಶುರುವಾಗುವಾಗಿನ ಟಾರ್ಕ್ (ತಿರುಗಿಸುವ ಬಲ) ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಅದು ಮೂರರಲ್ಲಿ ಎರಡು ಭಾಗಕ್ಕೆ ಬಂದಿರುತ್ತದೆ. ಒಂದು ಕಡೆ ಏಳಲಾರದು, ಇನ್ನೊಂದು ಕಡೆ ಸುಡುತ್ತದೆ.

ನಿಜವಾದ ಮೋಟಾರಿನಲ್ಲಿ ಪವರ್ ಫ್ಯಾಕ್ಟರೂ ದಕ್ಷತೆಯೂ ಸ್ವಲ್ಪ ಬದಲಾಗುತ್ತವೆ. ಅದನ್ನೂ ಮಕ್ಕಳಿಗೆ ಹೇಳಿ. ಆದರೆ ಈ ಲೆಕ್ಕ ಮಾಡಿದ ಹುಡುಗ ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾನೆ ನೋಡಿ, ಅದು ಯಾವ ವಿಡಿಯೊದಲ್ಲೂ ಇಲ್ಲ. ವಿಡಿಯೊ ಮಾಡಿದವರಿಗೆ ನಮ್ಮ ಪಲ್ಪರ್ ಗೊತ್ತಿಲ್ಲ. ಅದನ್ನು ಸೇರಿಸಬೇಕಾದವರು ನೀವು.

ಅಮೆರಿಕದ ಪುಸ್ತಕ ಬಳಸುವಾಗ ಈ ತಿದ್ದುವ ಕೆಲಸ ಇನ್ನೂ ಜಾಸ್ತಿ. ಅಲ್ಲಿನ ಸಪ್ಲೈ 60 ಹರ್ಟ್ಸ್, ಮನೆಗೆ 120 ವೋಲ್ಟ್. ಅದೇ ನಾಲ್ಕು ಪೋಲ್ ಮೋಟಾರು ಅಲ್ಲಿ 1800ರ ಲೆಕ್ಕ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪುಸ್ತಕಗಳು ಚೆನ್ನಾಗಿವೆ. ಭೌತಶಾಸ್ತ್ರ, ಕ್ಯಾಲ್ಕುಲಸ್ ಎಲ್ಲ ಇವೆ, ನಾನೇ ಬಳಸಿದ್ದೇನೆ. ಆದರೆ ಅದರ ಲೆಕ್ಕವನ್ನು ಹಾಗೇ ಕೊಟ್ಟರೆ ನಿಮ್ಮ ಹುಡುಗಿ 120 ವೋಲ್ಟಿನ ಬಲ್ಬನ್ನು ಎಲ್ಲಿ ಹುಡುಕುತ್ತಾಳೆ? 230, 50, 1500 ಎಂದು ಬದಲಿಸಿ ಬರೆದುಕೊಡಿ. ಹತ್ತು ನಿಮಿಷದ ಕೆಲಸ.

ಇನ್ನು ಕನ್ನಡದ ಮಾತು. ಕೆಲವು ಎನ್‌ಪಿಟಿಇಎಲ್ ಕೋರ್ಸ್‌ಗಳ ಉಪನ್ಯಾಸ ಕನ್ನಡದ ಬರಹದಲ್ಲೂ ಸಿಗುತ್ತದೆ. ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್, ಸಿ, ಲಿಬ್ರೆಆಫೀಸ್‌ನಂಥ ಪಾಠಗಳು ಕನ್ನಡ ದನಿಯಲ್ಲೇ ಇವೆ. ಹತ್ತು ಹತ್ತು ನಿಮಿಷದವು. ಒಂದು ಕಡೆ ವಿಡಿಯೊ, ಪಕ್ಕದಲ್ಲಿ ಸಾಫ್ಟ್‌ವೇರ್ ತೆರೆದುಕೊಂಡು ಅವರು ಮಾಡಿದಂತೆ ಮಾಡುತ್ತಾ ಹೋಗುವುದು. ಒಬ್ಬನೇ ಕೂತು ಕಲಿಯುವುದಕ್ಕೆ ಇದಕ್ಕಿಂತ ಹೊಂದುವ ಕ್ರಮ ನಾನು ಕಂಡಿಲ್ಲ. ಕಾಲೇಜಿಗೆ ನೆಟ್ ಇಲ್ಲದಿದ್ದರೆ ಬೇಕಾದ ಪಾಠ, ಬೇಕಾದ ಭಾಷೆ ಆರಿಸಿ ಒಟ್ಟಿಗೆ ಇಳಿಸಿಕೊಳ್ಳುವ ವ್ಯವಸ್ಥೆಯೂ ಅವರಲ್ಲಿದೆ.

ಯಂತ್ರ ಮಾಡಿದ ಅನುವಾದ ಮಾತ್ರ ಎಚ್ಚರ. ಒಮ್ಮೆ ಒಂದು ಪಾಠದ ಕೆಳಗೆ ಕನ್ನಡ ಸಾಲು ಓಡುತ್ತಿತ್ತು: "ಮೋಟಾರಿನಲ್ಲಿ ಪ್ರಸ್ತುತ ಹೆಚ್ಚಾಗುತ್ತದೆ." ಪ್ರಸ್ತುತ ಏನು ಹೆಚ್ಚಾಯಿತು ಅಂತ ನೋಡಿದರೆ, ಕರೆಂಟು! ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ತಾನೆ. ಮುಂದೆ ಹೋದರೆ ನಾಲ್ಕು ಪೋಲ್ ಮೋಟಾರು ನಾಲ್ಕು ಕಂಬದ ಮೋಟಾರಾಗಿತ್ತು. ಲೈನ್‌ಮನ್ ನೋಡಿದ್ದರೆ ಏಣಿ ತಂದುಬಿಡುತ್ತಿದ್ದ. ಹಾಗಂತ ಯಂತ್ರವನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಕರಡು ಅದೇ ಮಾಡಲಿ. ಆಮೇಲೆ ಪದ ಪದವೂ ನಿಮ್ಮ ಕಣ್ಣಿನಡಿ ಹೋಗಲಿ. ಒಂದು ಪುಟ ತಿದ್ದಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಇಲ್ಲದಿದ್ದರೆ ಆ ಪುಟ ಕೊಡಬೇಡಿ.

ಪಾರಿಭಾಷಿಕ ಪದಗಳ ವಿಷಯದಲ್ಲಿ ನನ್ನ ನಿಲುವು ಕೆಲವರಿಗೆ ಹಿಡಿಸುವುದಿಲ್ಲ. ಸ್ಲಿಪ್ಪಿಗೆ, ಟಾರ್ಕಿಗೆ, ಸ್ಟೇಟರಿಗೆ ಹೊಸ ಕನ್ನಡ ಪದ ಹುಟ್ಟಿಸುವ ಕೆಲಸಕ್ಕೆ ನೀವು ಹೋಗಬೇಡಿ. ನಾಳೆ ಆ ಹುಡುಗ ಕೆಲಸಕ್ಕೆ ಸೇರುವ ವರ್ಕ್‌ಶಾಪಿನಲ್ಲಿ "ವೈಂಡಿಂಗ್ ಹೋಗಿದೆ", "ಒಂದು ಫೇಸ್ ಬರ್ತಿಲ್ಲ" ಎನ್ನುವುದೇ ಕನ್ನಡ. ಪದ ಅದೇ ಇರಲಿ, ವಿವರಣೆ ಕನ್ನಡದಲ್ಲಿರಲಿ. ಎಸ್ಸೆಸ್ಸೆಲ್ಸಿ ಪುಸ್ತಕದ ಪದವನ್ನು ಒಂದು ಸಲ ಜೋಡಿಸಿ ಹೇಳಿ, ರೋಧ ಅಂತ ಓದಿದ್ದಿರಲ್ಲ ಅದೇ ಇದು ಅಂತ. ಪರೀಕ್ಷೆಗೆ ಇಂಗ್ಲಿಷ್ ವಾಕ್ಯ ಬೇಕಾದರೆ ಕೊನೆಯಲ್ಲಿ ನಾಲ್ಕು ವಾಕ್ಯ ಕೊಡಿ. ಮೊದಲೇ ಕೊಟ್ಟರೆ ಅದನ್ನೇ ಉರು ಹೊಡೆಯುತ್ತಾರೆ, ಮೋಟಾರು ಅಲ್ಲೇ ನಿಂತಿರುತ್ತದೆ.

ಕಾನೂನು ಕೇಳಿದಿರಿ. ಯೂಟ್ಯೂಬಿನಲ್ಲಿ ಉಚಿತವಾಗಿ ನೋಡಲು ಸಿಗುವುದೆಲ್ಲ ಮುಕ್ತ ಅಲ್ಲ. ಟೆಲಿಗ್ರಾಂ ಗುಂಪಿನಲ್ಲಿ ಓಡಾಡುವ ಸ್ಕ್ಯಾನ್ ಮಾಡಿದ ಪುಸ್ತಕವಂತೂ ಖಂಡಿತ ಅಲ್ಲ. ಪುಟದ ಕೆಳಗೆ ಲೈಸೆನ್ಸ್ ಏನೆಂದು ಬರೆದಿರುತ್ತದೆ, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್. ಸಿಸಿ ಬಿವೈ ಅಂದರೆ ಮೂಲ ಯಾರದು ಎಂದು ಹೇಳಿ ಏನು ಬೇಕಾದರೂ ಮಾಡಿಕೊಳ್ಳಿ ಅಂತ. ಎಸ್‌ಎ ಸೇರಿದ್ದರೆ ನೀವು ತಿದ್ದಿ ಮಾಡಿದ್ದನ್ನೂ ಅದೇ ಲೈಸೆನ್ಸಿನಲ್ಲಿ ಬಿಟ್ಟುಕೊಡಬೇಕು. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಅಂದರೆ ಹಂಚಬಹುದು, ಬದಲಿಸಿದ್ದನ್ನು ಹಂಚುವಂತಿಲ್ಲ. ಅನುವಾದವೂ ಬದಲಾವಣೆಯೇ. ಹಾಗಾಗಿ ಎನ್‌ಡಿ ಇದ್ದರೆ ಅದನ್ನು ಕನ್ನಡ ಮಾಡಿ ಹಂಚುವ ಆಸೆ ಬಿಡಿ, ಬೇರೆಯದನ್ನು ಹುಡುಕಿ.

ಇದರಲ್ಲಿ ಒಂದು ತೊಡಕಿದೆ, ಹೆಚ್ಚಿನವರು ಎಡವುವುದು ಇಲ್ಲೇ. ಎಂಐಟಿಯ ಸಾಮಗ್ರಿ ಬಿವೈ-ಎನ್‌ಸಿ-ಎಸ್‌ಎ. ಸ್ಪೋಕನ್ ಟ್ಯುಟೋರಿಯಲ್‌ನದು, ವಿಕಿಪೀಡಿಯದ್ದು ಬಿವೈ-ಎಸ್‌ಎ. ಎರಡೂ "ನನ್ನ ಲೈಸೆನ್ಸೇ ಮುಂದುವರಿಯಲಿ" ಅನ್ನುತ್ತವೆ, ಎರಡೂ ಬೇರೆ ಬೇರೆ. ಎಂಐಟಿಯ ಪಠ್ಯವನ್ನೂ ವಿಕಿಪೀಡಿಯದ ಪಠ್ಯವನ್ನೂ ತಿದ್ದಿ ಕಲಸಿ ಒಂದೇ ನೋಟ್ಸ್ ಮಾಡಿದರೆ ಅದನ್ನು ಯಾವ ಲೈಸೆನ್ಸಿನಲ್ಲಿ ಬಿಡುತ್ತೀರಿ? ಎರಡನ್ನೂ ಬೇರೆ ಬೇರೆ ಹಾಳೆಯಾಗಿ ಇಡಿ. ಇಲ್ಲವೇ ಚಿತ್ರ, ವಿವರಣೆಯನ್ನು ಸ್ವಂತ ಬರೆಯಿರಿ. ಓಮ್‌ನ ನಿಯಮ ಯಾರ ಸ್ವತ್ತೂ ಅಲ್ಲ. ಅದನ್ನು ಬರೆದ ವಾಕ್ಯಗಳಿಗೆ, ಬಿಡಿಸಿದ ಚಿತ್ರಕ್ಕೆ ಮಾತ್ರ ಕಾಪಿರೈಟ್. ಎಷ್ಟೋ ಸಲ ಮೋಟಾರಿನ ಚಿತ್ರವನ್ನು ನಿಮ್ಮ ವಿದ್ಯಾರ್ಥಿನಿಯೇ ಪೆನ್ಸಿಲ್‌ನಲ್ಲಿ ಇನ್ನೂ ಚೆನ್ನಾಗಿ ಬಿಡಿಸುತ್ತಾಳೆ.

ಮುಕ್ತ ಅಲ್ಲದ ಪುಸ್ತಕದ ಭಾಗವನ್ನು ತರಗತಿಗೆ ಝೆರಾಕ್ಸ್ ಮಾಡಿಸುವುದು ಬೇರೆ ವಿಷಯ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಬೋಧನೆಯ ಸಲುವಾಗಿ ಪ್ರತಿ ಮಾಡಲು ಅವಕಾಶ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ಅವಕಾಶವನ್ನು ಎತ್ತಿ ಹಿಡಿದಿದೆ. ತರಗತಿಯ ಒಳಗಿನ ಮಾತು ಅದು. ಅದನ್ನೇ ಕನ್ನಡ ಮಾಡಿ ಊರಿಗೆಲ್ಲ ಕಾಣುವಂತೆ ಏರಿಸಲು ಅದು ರಹದಾರಿ ಅಲ್ಲ. ಊರಿಗೆಲ್ಲ ಕೊಡಬೇಕು ಅಂತಿದ್ದರೆ ಮುಕ್ತ ಲೈಸೆನ್ಸಿನದನ್ನೇ ಹಿಡಿಯಿರಿ.

ಪ್ರಯೋಗಾಲಯಕ್ಕೆ ಬರೋಣ. ನಿಮ್ಮಲ್ಲಿ ಎಷ್ಟು ಮೋಟಾರು ಇದೆಯೋ ನನಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಒಂದರ ಸುತ್ತ ಹತ್ತು ಜನ ನಿಲ್ಲುತ್ತಿದ್ದರು. ಇಬ್ಬರು ಮಾಡುತ್ತಿದ್ದರು, ಎಂಟು ಜನ ರೀಡಿಂಗ್ ಕಾಪಿ ಮಾಡುತ್ತಿದ್ದರು. ವರ್ಚುವಲ್ ಲ್ಯಾಬ್ ಈ ಎಂಟು ಜನರಿಗೆ. ಆದರೆ ಅದನ್ನು ನಿಜವಾದ ಲ್ಯಾಬಿನ ಬದಲಿಗೆ ಇಡಬೇಡಿ, ಅದಕ್ಕೆ ಮುಂಚೆ ಇಡಿ. ಕಂಪ್ಯೂಟರಿನಲ್ಲಿ ತಪ್ಪು ಕನೆಕ್ಷನ್ ಕೊಟ್ಟರೆ ಕೆಂಪು ಅಕ್ಷರ ಬರುತ್ತದೆ, ಅಷ್ಟೆ. ಅಲ್ಲಿ ಮನಸಾರೆ ತಪ್ಪು ಮಾಡಿ ಬರಲಿ.

ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಸಿಮ್ಯುಲೇಶನ್‌ಗಳಿವೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಅದರ ಸರ್ಕ್ಯೂಟ್ ಕಿಟ್ಟನ್ನು ಬಳಸಿ ಒಂದು ಅಧ್ಯಯನ ಮಾಡಿದರು, 2005ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಿಜವಾದ ಬಲ್ಬು, ವೈರು. ಕೆಲವರಿಗೆ ಪರದೆಯ ಮೇಲಿನ ಬಲ್ಬು, ವೈರು. ಕೊನೆಗೆ ಎಲ್ಲರಿಗೂ ನಿಜವಾದ ಸರ್ಕ್ಯೂಟ್ ಜೋಡಿಸಲು ಹೇಳಿದರೆ, ಪರದೆಯ ಮೇಲೆ ಕಲಿತವರೇ ಚೆನ್ನಾಗಿ ಮಾಡಿದರು. ನನಗೆ ಮೊದಲು ನಂಬಿಕೆ ಬರಲಿಲ್ಲ. ಆಮೇಲೆ ಯೋಚಿಸಿದರೆ ಕಾರಣ ಕಾಣುತ್ತದೆ. ಪರದೆಯಲ್ಲಿ ಎಲೆಕ್ಟ್ರಾನು ಹರಿಯುವುದು ಕಾಣುತ್ತದೆ, ಸಡಿಲ ವೈರಿನ ಕಾಟ ಇಲ್ಲ. ಹಾಗಂತ ಇದು ಬಲ್ಬು ಬ್ಯಾಟರಿಯ ಮಟ್ಟದ ಮಾತು. ಮೋಟಾರಿನ ವಾರ್ನಿಷ್ ಸುಡುವ ವಾಸನೆ ಪರದೆಯಿಂದ ಬರುವುದಿಲ್ಲ. ಆ ವಾಸನೆ ಗೊತ್ತಿಲ್ಲದವನನ್ನು ಎಲೆಕ್ಟ್ರಿಷಿಯನ್ ಎಂದು ಕರೆಯಲು ನನಗಂತೂ ಮನಸ್ಸಿಲ್ಲ.

ಸರ್ಕ್ಯೂಟ್ ಬಿಡಿಸಿ ನೋಡುವುದಕ್ಕೆ ಮುಂಬೈ ಐಐಟಿಯವರ ಇ-ಸಿಮ್ ಇದೆ. ಲೆಕ್ಕಕ್ಕೆ ಸೈಲ್ಯಾಬ್ ಇದೆ. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ, ಕದ್ದ ಸಾಫ್ಟ್‌ವೇರಿನ ಹಂಗೂ ಇಲ್ಲ. ಪ್ರಸಿದ್ಧ ಪಠ್ಯಪುಸ್ತಕಗಳ ಲೆಕ್ಕಗಳನ್ನು ಸೈಲ್ಯಾಬಿನಲ್ಲಿ ಬಿಡಿಸಿಟ್ಟದ್ದೂ ಅವರಲ್ಲಿ ಸಿಗುತ್ತದೆ. ಅದನ್ನು ಮಕ್ಕಳಿಗೆ ಕೊಡುವ ಮುಂಚೆ ಅಂಕಿ ಬದಲಿಸಿಬಿಡಿ, ಇಲ್ಲದಿದ್ದರೆ ಕಾಪಿಯ ಹಬ್ಬ.

ಮಳೆ, ಕರೆಂಟು, ನೆಟ್‌ವರ್ಕ್. ಇದಕ್ಕೆ ಒಂದೇ ಉತ್ತರ, ಎಲ್ಲವನ್ನೂ ಮೇ ತಿಂಗಳೊಳಗೆ ಇಳಿಸಿಟ್ಟುಕೊಳ್ಳಿ. 2018ರ ಆಗಸ್ಟ್ ನೆನಪಿದೆಯಲ್ಲ, ಗುಡ್ಡ ಜಾರಿ ಮಡಿಕೇರಿಯಿಂದ ಸಂಪಾಜೆ ಕಡೆಗಿನ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಅಷ್ಟು ದೊಡ್ಡದೇನೂ ಆಗಬೇಕಿಲ್ಲ. ಒಂದು ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ಸಾಕು, ಎರಡು ದಿನ ಟವರೂ ಇಲ್ಲ, ಕರೆಂಟೂ ಇಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. ಕಾಲೇಜಿನ ಹಳೆಯ ಲ್ಯಾಪ್‌ಟಾಪೋ, ಅಂಗೈ ಅಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರೋ ಒಂದು ಸಾಕು. ಅದಕ್ಕೆ ಕಿವಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ. ಕನ್ನಡ ವಿಕಿಪೀಡಿಯ ಇಡೀಯಾಗಿ, ಫೆಟ್ ಸಿಮ್ಯುಲೇಶನ್‌ಗಳು ಇಡೀಯಾಗಿ ಅದರೊಳಗೆ ಕೂರುತ್ತವೆ. ಅದನ್ನೇ ವೈಫೈ ಹಾಟ್‌ಸ್ಪಾಟ್ ಮಾಡಿದರೆ ಇಂಟರ್ನೆಟ್ ಇಲ್ಲದೆಯೂ ಮಕ್ಕಳ ಮೊಬೈಲಿನಲ್ಲಿ ತೆರೆದುಕೊಳ್ಳುತ್ತದೆ. ವಿಡಿಯೊಗಳನ್ನು ಕಡಿಮೆ ಗುಣಮಟ್ಟದಲ್ಲೇ ಇಳಿಸಿ. ಬೋರ್ಡಿನ ಅಕ್ಷರ ಓದುವಷ್ಟು ಕಂಡರೆ ಆಯಿತು. ಮಕ್ಕಳ ಮೊಬೈಲಿನಲ್ಲಿ ಜಾಗ ಯಾವಾಗಲೂ ತುಂಬಿರುತ್ತದೆ. ನೀವು ಕತ್ತರಿಸಿದ ಎಂಟು ನಿಮಿಷದ ತುಂಡಾದರೆ ಉಳಿಸಿಕೊಳ್ಳುತ್ತಾರೆ, ಒಂದು ಗಂಟೆಯದಾದರೆ ರೀಲ್ಸಿಗೆ ಜಾಗ ಮಾಡಲು ಅಳಿಸುತ್ತಾರೆ. ಮತ್ತೆ, ಆ ಪೆಟ್ಟಿಗೆಯನ್ನು ಬೀರುವಿನಲ್ಲಿ ಇಡಬೇಡಿ. ದಿನಾ ಓಡುತ್ತಿರುವ ಯಂತ್ರ ಬೆಚ್ಚಗಿರುತ್ತದೆ, ಬೂಷ್ಟು ಹಿಡಿಯುವುದಿಲ್ಲ.

ಒಂದು ಹಾಳೆಯಷ್ಟನ್ನು ಯಾವಾಗಲೂ ಕಾಗದದಲ್ಲೂ ಕೊಡಿ. ಜನವರಿಯಲ್ಲಿ ಕೊಯ್ಲಿಗೆ ನಿಂತ ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ಅವರನ್ನು ಬೈದು ಉಪಯೋಗ ಇಲ್ಲ, ಮನೆಯಲ್ಲಿ ಕೈ ಬೇಕು. ಹಾಳೆ ಮತ್ತು ಮೊಬೈಲಿನ ತುಂಡು ಇದ್ದರೆ ರಾತ್ರಿಯಾದರೂ ನೋಡಿಕೊಳ್ಳುತ್ತಾರೆ.

ಗಣಿತದವರು ಕೇಳಿದರೆ ಅವರಿಗೂ ಒಂದು ಮಾತು ಹೇಳಿ. ನಮ್ಮಲ್ಲಿ ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕದ ಪುಸ್ತಕ ಇದೆ, ದಿನಕ್ಕೆ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ. ಅದನ್ನು ಲಿಬ್ರೆಆಫೀಸಿನ ಪಟ್ಟಿಗೆ ಹಾಕಿಸಿ, 25.4ರಿಂದ ಗುಣಿಸಿ ಮಿಲಿಮೀಟರಿಗೆ ತಂದರೆ ಸರಾಸರಿ, ವಿಚಲನೆ, ಗ್ರಾಫ್ ಎಲ್ಲದಕ್ಕೂ ವರ್ಷವಿಡೀ ಸಾಕಾಗುವಷ್ಟು ಅಂಕಿ. ತೋಟದವರು ಒಪ್ಪಿದರೆ ಅದೇ ಒಂದು ಮುಕ್ತ ಸಂಪನ್ಮೂಲ. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಯಾವ ತಾರೀಕಿಗೆ ಬಿತ್ತು ಅನ್ನುವುದು ಯಾವ ಐಐಟಿಯ ಪಾಠದಲ್ಲಿದೆ ಹೇಳಿ!

ಸರ್ಟಿಫಿಕೇಟಿನ ಬಗ್ಗೆ ನೀವು ಕೇಳಲಿಲ್ಲ, ಆದರೆ ಮಕ್ಕಳು ಕೇಳುತ್ತಾರೆ. ಎನ್‌ಪಿಟಿಇಎಲ್ ಕೋರ್ಸಿಗೆ ಸೇರುವುದು ಉಚಿತ, ಪರೀಕ್ಷೆಗೆ ಶುಲ್ಕ ಇದೆ, ನಿಗದಿಯಾದ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಬಸ್ಸಿನ ಖರ್ಚೂ ಲೆಕ್ಕಕ್ಕೆ ಹಿಡಿಯಲಿ. ವಾರ ವಾರದ ಅಸೈನ್‌ಮೆಂಟಿನ ಅಂಕವೂ ಸೇರುತ್ತದೆ, ಹಾಗಾಗಿ ಕೊನೆಯ ವಾರ ಎದ್ದು ಕೂತರೆ ಆಗುವುದಿಲ್ಲ. ಇಡೀ ತರಗತಿಯನ್ನು ಅದಕ್ಕೆ ನೂಕಬೇಡಿ. ಇಂಗ್ಲಿಷ್ ಸ್ವಲ್ಪ ಹಿಡಿತ ಇರುವ ಮೂರ್ನಾಲ್ಕು ಜನ ಒಟ್ಟಿಗೆ ಮಾಡಲಿ.

ಕೊನೆಗೆ ನಿಮ್ಮ ಸಹೋದ್ಯೋಗಿ. ಅವರನ್ನು ಎದುರು ಹಾಕಿಕೊಳ್ಳಬೇಡಿ, ಕೆಲಸಕ್ಕೆ ಎಳೆಯಿರಿ. ನೀವು ಮಾಡಿದ ಕನ್ನಡದ ಒಂದು ಹಾಳೆ ಅವರ ಕೈಗೆ ಕೊಟ್ಟು, "ಸರ್, ಇದರಲ್ಲಿ ತಪ್ಪೇನಿದೆ ನೋಡಿ" ಎಂದು ಹೇಳಿ. ತಪ್ಪು ಹುಡುಕು ಅಂದರೆ ಬೇಡ ಅನ್ನುವ ಮೇಷ್ಟ್ರನ್ನು ನಾನಿನ್ನೂ ನೋಡಿಲ್ಲ. ಅವರು ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನು ಸೇರಿಸಿ, ಅವರ ಹೆಸರನ್ನೂ ಹಾಳೆಯ ಕೆಳಗೆ ಹಾಕಿ, ಬಿವೈ-ಎಸ್‌ಎ ಎಂದು ಬರೆದು ಬಿಡಿ. ಮುಂದಿನ ವರ್ಷದ ಮಕ್ಕಳು ಮತ್ತೆ ತಿದ್ದಲಿ. ಈ ಸೆಮಿಸ್ಟರಿಗೆ ಮೂರೇ ಮೂರು ಹಾಳೆ ಸಾಕು, ಮಕ್ಕಳು ಪ್ರತಿ ವರ್ಷ ಸಿಕ್ಕಿಹಾಕಿಕೊಳ್ಳುವ ಮೂರು ಜಾಗಕ್ಕೆ. ಸ್ಲಿಪ್ ಒಂದಾಯಿತು. ಉಳಿದ ಎರಡು ಯಾವುವು ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನೇಮ್‌ಪ್ಲೇಟಿನ ಫೋಟೊ ಮಾತ್ರ ನವೆಂಬರ್ ಬರುವ ಮುಂಚೆ ತೆಗೆಸಿಬಿಡಿ. ಪಲ್ಪರ್ ಒಮ್ಮೆ ಓಡಲು ಶುರುವಾದರೆ ಸಿಪ್ಪೆಯ ರಸ ಮೆತ್ತಿ ಒಂದಕ್ಷರವೂ ಕಾಣುವುದಿಲ್ಲ.